ಮೊಣಕಾಲೆತ್ತರದ ಗೋಡೆ

ಮೊನ್ನೆ ನನ್ನ ಅಣ್ಣನ ಮೊಮ್ಮಗಳು ಒಂದು ದಪ್ಪ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ನಮ್ಮೂರಿನ ಪುರಸಭೆಯ ಹಳೆಯ ಸದಸ್ಯರ ನೆನಪಿಗೆಂದು ಯಾರೋ ಅಚ್ಚು ಹಾಕಿಸಿದ್ದು. ಅರಳೆ ದಲಾಲರ ಫೋಟೋ ಇಡೀ ಒಂದು ಪುಟ ತುಂಬಿಕೊಂಡಿದೆ. ರುಮಾಲು, ಬೆತ್ತ, ನಾಲ್ಕು ಬೆರಳಿಗೆ ನಾಲ್ಕು ಉಂಗುರ. ಅವರು ಕಟ್ಟಿಸಿದ್ದು, ಉದ್ಘಾಟಿಸಿದ್ದು, ಹಾರ ಹಾಕಿಸಿಕೊಂಡಿದ್ದು ಎಲ್ಲ ಸೇರಿ ಮತ್ತೆರಡು ಪುಟ. ನಾನು ನನ್ನ ವೈನಿಯನ್ನು ಹುಡುಕಿದೆ. ಹಾಳೆ ತಿರುವಿ ತಿರುವಿ ಕೊನೆಗೆ ಒಂದು ಸಾಲು ಸಿಕ್ಕಿತು: "ಆ ಅವಧಿಯಲ್ಲಿ ಒಬ್ಬ ಮಹಿಳಾ ಸದಸ್ಯರೂ ಇದ್ದರು." ಇದ್ದರಂತೆ! ಗೋಡೆಗೆ ಗಡಿಯಾರ ಇತ್ತು, ಮೂಲೆಯಲ್ಲಿ ಹೂಜಿ ಇತ್ತು, ಒಬ್ಬ ಹೆಂಗಸೂ ಇದ್ದರು. ಪುಸ್ತಕ ಎತ್ತಿ ಬಾಗಿಲಾಚೆ ಒಗೆಯಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ ಕೈಗೆ ಅಷ್ಟು ಶಕ್ತಿ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಹೆಸರು ಹೇಳುವುದಿಲ್ಲ. ಹುಬ್ಬಳ್ಳಿ, ಧಾರವಾಡ ಎರಡರಲ್ಲಿ ಇದು ಯಾವ ಊರಿನ ಮಾತು ಎಂದೂ ಹೇಳುವುದಿಲ್ಲ; ಹೇಳಿದರೆ ದಲಾಲರ ಮೊಮ್ಮಕ್ಕಳು ನಾಳೆಯೇ ವಿದ್ಯಾನಗರಕ್ಕೆ ಬಂದು ನನ್ನ ಬಾಗಿಲು ಬಡಿಯುತ್ತಾರೆ. ಬಡಿಯಲಿ, ನನಗೇನೂ ಹೆದರಿಕೆ ಇಲ್ಲ. ಆದರೆ ಅವರಿಗೆ ಚಹಾ ಮಾಡಿಕೊಡುವ ಮನಸ್ಸು ಇಲ್ಲ.

ನಾನು ಹನ್ನೆರಡನೆಯ ವರ್ಷಕ್ಕೆ ಅಮ್ಮಿನಬಾವಿಗೆ ಮದುವೆಯಾಗಿ ಹೋದವಳು, ಹದಿಮೂರು ತುಂಬುವುದರೊಳಗೆ ವಿಧವೆಯಾಗಿ ತವರಿಗೆ ಬಂದೆ. ಗಂಡನ ಮುಖ ಈಗ ನೆನಪಿಲ್ಲ, ಅವನ ಕೆಮ್ಮು ಮಾತ್ರ ನೆನಪಿದೆ. ಅಪ್ಪ ಒಳ್ಳೆಯವನು. ಮುಂದೆ ಯಾರೂ ನನ್ನನ್ನು ಹೊರಗೆ ಹಾಕಬಾರದೆಂದು ಹಿತ್ತಲಿನ ಎರಡು ಖೋಲಿಗಳನ್ನು ನನ್ನ ಹೆಸರಿಗೆ ಬರೆದ. ಅವುಗಳ ಮನೆಪಟ್ಟಿ ನನ್ನ ಹೆಸರಿನಲ್ಲಿ ಬರುತ್ತಿತ್ತು; ಆ ಬ್ರಿಟಿಷರ ಕಾಲದಲ್ಲಿ ಪಟ್ಟಿ, ಅಂದರೆ ಕರ, ಕಟ್ಟುವವರಿಗಷ್ಟೇ ಓಟು, ಅದರಿಂದಲೇ ಮುಂದೆ ನನಗೆ ಓಟಿನ ಹಕ್ಕೂ ಬಂತು. ನಾನು ತಿರುಗಿ ಬಂದ ವರ್ಷವೇ ವೈನಿ ಸೊಸೆಯಾಗಿ ಬಂದಳು. ನನಗಿಂತ ಮೂರು ವರ್ಷ ದೊಡ್ಡವಳು, ಸಾಲೆ ಕಲಿತವಳು. ನಾನು ಅಡಿಗೆಮನೆಯಲ್ಲಿ ಗೋಡೆಗೆ ಆತುಕೊಂಡು ಅಳುತ್ತಿದ್ದರೆ ಅವಳು ಒಲೆಯಿಂದ ಒಂದು ಇದ್ದಲಿ ತೆಗೆದು ನನ್ನ ಕೈಗೆ ಕೊಟ್ಟಳು.

"ಅಳೂದ ಆಮ್ಯಾಲೆ. ಮೊದಲ ನಿನ್ನ ಹೆಸರ ಬರಿ," ಎಂದಳು.

ಮೊದಲು ನನ್ನ ಹೆಸರು, ಆಮೇಲೆ ಅವಳದು. ನೆಲದ ಮೇಲೆ ಬರೆದು ಅಳಿಸಿ, ಬರೆದು ಅಳಿಸಿ ನಾನು ಓದು ಕಲಿತೆ. ಅವಳ ಅತ್ತೆ, ಅಂದರೆ ನನ್ನ ಅವ್ವ, ಬೈದರೆ "ನೆಲಾ ಸಾರಸಾಕತ್ತೇನ್ರಿ" ಎನ್ನುತ್ತಿದ್ದಳು. ಈಗ ಬರೆಯುತ್ತಿರುವ ಅಕ್ಷರಗಳೂ ಅವಳು ಕೊಟ್ಟವೇ.

ಇನ್ನು ಬಯಲಿನ ವಿಷಯ. ಹೇಳಲು ಯಾರಿಗೂ ಬಾಯಿ ಬರುವುದಿಲ್ಲ, ಅದಕ್ಕೇ ಆ ದಪ್ಪ ಪುಸ್ತಕದಲ್ಲಿ ಅದಿಲ್ಲ. ನಮ್ಮ ವಾರ್ಡು ಅಂಗೈಯಷ್ಟು. ಮೂರು ಓಣಿ, ಒಂದು ಮಠ, ಒಂದು ಮಸೀದಿ, ಹಿಂದೆ ಒಂದು ಬಯಲು. ಶೆಟ್ಟರ ಮನೆಯ ಸೊಸೆಯಿಂದ ಹಿಡಿದು ಕಲ್ಲು ಕಟ್ಟುವ ಗೌಂಡಿ ಕಾಕಾನ ಹೆಂಡತಿಯವರೆಗೆ ಎಲ್ಲ ಹೆಂಗಸರೂ ನಸುಕಿನಲ್ಲಿ ತಂಬಿಗೆ ಹಿಡಿದು ಅಲ್ಲಿಗೇ ಹೋಗಬೇಕು. ಮೊದಲು ಪಾಪಾಸುಕಳ್ಳಿಯ ಮರೆ ಇತ್ತು. ಆಮೇಲೆ ಬಯಲಿನ ಆಚೆ ಅರಳೆ ಹಿಂಜುವ ಕಾರಖಾನೆ ಬಂತು, ಕಳ್ಳಿ ಕಡಿದು ಗಾಡಿಯ ದಾರಿ ಮಾಡಿದರು. ಸುಗ್ಗಿಯಲ್ಲಿ ಬೆಳಗು ಹರಿಯುವ ಮೊದಲೇ ಸಾಲು ಸಾಲು ಅರಳೆ ಗಾಡಿ, ಹೆಚ್ಚಿನವು ದಲಾಲರವು. ಗಂಡಸು ಬಂದರೆ ಹೆಂಗಸು ಎದ್ದು ನಿಲ್ಲಬೇಕು, ಅದು ಮರ್ಯಾದೆ. ಗಾಡಿ ಬಂತು, ಎದ್ದೆವು. ಹೋಯಿತು, ಕೂತೆವು. ಮತ್ತೊಂದು ಬಂತು, ಮತ್ತೆ ಎದ್ದೆವು. ಬಸುರಿಯರೂ ಏಳಬೇಕು, ಮುದುಕಿಯರೂ ಏಳಬೇಕು. ಕೆಲವರು ಹಗಲೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಮ್ಮ ಓಣಿಯಲ್ಲಿ ಉರಿಮೂತ್ರವಿಲ್ಲದ ಸೊಸೆಯೇ ಇರಲಿಲ್ಲ. ಈಗ ನನ್ನ ಮನೆಯಲ್ಲಿ ಒಳಗೇ ಎರಡು ಪಾಯಿಖಾನೆಗಳಿವೆ, ಬಾಗಿಲು ಹಾಕಿಕೊಂಡು ಚಿಲಕ ಏರಿಸುವಾಗ ಈಗಲೂ ಆ ಗಾಡಿಗಳ ನೆನಪಾಗಿ ಮೈ ಉರಿಯುತ್ತದೆ.

ದಲಾಲರ ಮನೆಯಲ್ಲಿ ಮಾತ್ರ ಹಿತ್ತಲಲ್ಲಿ ಪಾಯಿಖಾನೆ ಇತ್ತು. ಅದನ್ನು ಬುಟ್ಟಿಯಲ್ಲಿ ಹೊತ್ತು ಒಯ್ಯುತ್ತಿದ್ದ ಹೆಣ್ಣುಮಗಳ ಮಾತು ಯಾವ ಸಭೆಯಲ್ಲೂ ಬರಲಿಲ್ಲ. ನಮ್ಮ ವೈನಿಯ ಬಾಯಲ್ಲೂ ಬರಲಿಲ್ಲ. ಇದನ್ನೂ ಬರೆದಿಡುತ್ತೇನೆ.

ಪುರಸಭೆಗೆ ಒಬ್ಬ ಹೆಂಗಸನ್ನು ನೇಮಿಸಬೇಕೆಂದು ಸರಕಾರದ ಮನಸ್ಸಿಗೆ ಬಂದಾಗ ಊರಿನ ದೊಡ್ಡವರು ನಮ್ಮ ವೈನಿಯ ಹೆಸರು ಕೊಟ್ಟರು. ಅವಳ ಜಾಣತನ ನೋಡಿ ಅಲ್ಲ. ನನ್ನ ಅಣ್ಣ ಯಾರ ಮಾತಿಗೂ ಎದುರಾಡದವನು, ಅವನ ಹೆಂಡತಿಯೂ ಹಾಗೇ ಇರುತ್ತಾಳೆ ಎಂಬ ಲೆಕ್ಕ. ಅಣ್ಣನಿಗೆ ಏನು ಹಿಗ್ಗು! ಜರಿ ರುಮಾಲು ಸುತ್ತಿ ಫೋಟೋ ತೆಗೆಸಿಕೊಂಡ. ನೇಮಕವಾದದ್ದು ಹೆಂಡತಿ, ಫೋಟೋ ಗಂಡನದು. ಅದನ್ನು ನೋಡಿ ವೈನಿ ನಕ್ಕಳು, ನನಗೆ ನಗು ಬರಲಿಲ್ಲ.

ಹೆಣ್ಣು ಒಬ್ಬಳೇ ಹೋಗುವುದು ಹೇಗೆ ಎಂದು ನನ್ನನ್ನು ಜೊತೆಗೆ ಕಳಿಸುತ್ತಿದ್ದರು. ನಾನು ಪಡಸಾಲೆಯ ಬಾಕಿನ, ಅಂದರೆ ಬೆಂಚಿನ, ಮೇಲೆ ಕೂರುತ್ತಿದ್ದೆ, ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅವಳ ಕುರ್ಚಿಯನ್ನು ಉಳಿದವರಿಂದ ಎರಡು ಮಾರು ದೂರ, ಗೋಡೆಗೆ ಹಚ್ಚಿ ಹಾಕಿದ್ದರು. ಮೊದಲ ಸಭೆಯಲ್ಲಿ ಅವಳು ಬಯಲಿಗೆ ಆಳೆತ್ತರದ ಗೋಡೆ ಬೇಕು ಎಂದಳು. ಒಬ್ಬರು ಕೆಮ್ಮಿದರು. ಒಬ್ಬರು ಕಿಟಕಿಯ ಕಡೆ ನೋಡಿದರು. ಅಧ್ಯಕ್ಷರು, "ಬಾಯಾರ, ಇಂಥಾ ವಿಷಯ ಸಭಾದಾಗ ಬ್ಯಾಡ್ರಿ. ನಾವು ಸಂಭಾವಿತರು ಕೂತೇವಿ," ಎಂದು ಸಾಹೇಬರ ಬಂಗಲೆಯ ಎದುರಿನ ತೋಟಕ್ಕೆ ಬಾಕು ಹಾಕುವ ವಿಷಯ ಎತ್ತಿದರು. ಬಾಕಿನ ಬಗ್ಗೆ ಎರಡು ತಾಸು ಮಾತಾಡಿದರು, ಸಂಭಾವಿತರು! ಕಟ್ಟಿಗೆಯದಿರಲೋ ಕಬ್ಬಿಣದ್ದಿರಲೋ ಎಂದು ಇಬ್ಬರು ಕೈ ಕೈ ಮಿಲಾಯಿಸುವುದು ಬಾಕಿ ಇತ್ತು.

ಹೀಗೆ ಎರಡು ವರ್ಷ. ಪ್ರತಿ ಸಭೆಯಲ್ಲೂ ಅವಳು ಗೋಡೆ ಎನ್ನುವುದು, ಅವರು ಮುಂದಿನ ಸಭೆ ಎನ್ನುವುದು. ಊರಲ್ಲಿ ಅವಳಿಗೆ ಅಡ್ಡಹೆಸರು ಬಿತ್ತು, ಅದನ್ನು ಇಲ್ಲಿ ಬರೆದು ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಅಣ್ಣ ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತ.

"ಬ್ಯಾರೆ ಏನರ ಕೇಳಬಾರದೇನ? ದೀಪಾ ಕೇಳು, ಸಾಲಿ ಕೇಳು. ಮಂದಿ ನಗಾಕತ್ತಾರ," ಎಂದ.

"ನಗೂ ಮಂದಿ ಒಂದಿನಾ ಸೀರಿ ಉಟಗೊಂಡ ಬಯಲಿಗಿ ಬರ್ಲಿ," ಎಂದಳು ವೈನಿ.

ಮೂರನೆಯ ವರ್ಷದ ಸುಗ್ಗಿಯಲ್ಲಿ ಒಂದು ದಿನ ಅವಳು ಸಭೆಯಲ್ಲಿ ಎದ್ದು ನಿಂತಳು. ನಾನು ಕಿಟಕಿಯ ಸರಳು ಹಿಡಿದುಕೊಂಡಿದ್ದೆ. ಅವಳ ದನಿ ಗಟ್ಟಿ ಇರಲಿಲ್ಲ, ಆದರೆ ನಡುಗಲಿಲ್ಲ.

"ನಾ ಇವತ್ತ ನಸುಕಿನ್ಯಾಗ ಎಂಟ ಸರ್ತಿ ಎದ್ದ ನಿಂತೇನ್ರಿ. ಒಂದೊಂದ ಗಾಡಿ ಹಾದು ಹೋಗೂಮಟಾ ನಿಂತೇನಿ. ಗಾಡಿ ನಿಮ್ಮವು. ಈಗ ನೀವು ಒಂದ ಸರ್ತಿ ಎದ್ದ ನಿಂದರ್ರಿ. ಗ್ವಾಡಿ ಬೇಕು ಅನ್ನಾವ್ರು ಎದ್ದ ನಿಂದರ್ರಿ, ನೋಡತೇನಿ."

ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬ ಮುದಿ ವಕೀಲರು ಕೋಲು ಊರಿ ಎದ್ದರು. ಅವರು ಎದ್ದ ಮೇಲೆ ಕೂತಿರುವುದು ನಾಚಿಕೆಯಾಗಿ ಇನ್ನೊಬ್ಬರು, ಮತ್ತೊಬ್ಬರು. ದಲಾಲರು ಕೂತೇ ಇದ್ದರು, ಕಾಲ ಮೇಲೆ ಕಾಲು ಹಾಕಿಕೊಂಡು ಉಂಗುರ ತಿರುವುತ್ತ. ಆ ಬಯಲಿನಲ್ಲಿ ಗಾಡಿ ಅಡ್ಡೆ ಮಾಡಬೇಕೆಂದು ಅವರ ಆಸೆ. ಆದರೂ ಎದ್ದವರೇ ಹೆಚ್ಚಾಗಿದ್ದರು, ಗೋಡೆ ಮಂಜೂರಾಯಿತು. ಹೊರಗೆ ಬಂದ ವೈನಿ ನನ್ನ ಕೈ ಹಿಡಿದುಕೊಂಡು ಮನೆಯ ಕಡೆ ನಡೆದಳು.

ಕಟ್ಟುವ ಕೆಲಸ ನಮ್ಮ ಪಕ್ಕದ ಓಣಿಯ ಗೌಂಡಿ ಕಾಕಾನಿಗೆ ಬಂತು. ಅವನ ಹೆಂಡತಿ, ಸೊಸೆ ಇಬ್ಬರೂ ಅದೇ ಬಯಲಿಗೆ ಬರುವವರು, ಬುರಖಾದೊಳಗೇ ಎದ್ದು ನಿಲ್ಲುವವರು. "ಬಾಯಾರ, ಇದು ಆಳೆತ್ತರ ಆಗೂಮಟಾ ನಾ ಬ್ಯಾರೆ ಕೆಲಸಾ ಹಿಡಿಯಾಂಗಿಲ್ಲ," ಎಂದ. ಕಲ್ಲು ಬೇಗ ಬರಲಿಲ್ಲ, ಸುಣ್ಣ ಬರಲಿಲ್ಲ, ಬಂದ ಸುಣ್ಣ ಸಾಹೇಬರ ತೋಟಕ್ಕೆ ಹೋಯಿತು. ಗೋಡೆ ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ವೈನಿಯ ಅವಧಿ ಮುಗಿಯಿತು. ಸರಕಾರ ಅವಳನ್ನು ಮತ್ತೆ ನೇಮಿಸಲಿಲ್ಲ. ದೊಡ್ಡವರು ಈ ಸಲ ಮಾತಾಡದ ಒಬ್ಬ ಹೆಂಗಸನ್ನು ಹುಡುಕಿ ಕೊಟ್ಟಿದ್ದರು.

ಆಗ ವೈನಿ ನಮ್ಮ ವಾರ್ಡಿನಿಂದ ಚುನಾವಣೆಗೇ ನಿಂತಳು. ತವರಿನವರು ಅವಳ ಹೆಸರಿಗೆ ಬರೆದ ಒಂದು ಮಳಿಗೆ ಇತ್ತು, ಅದರಿಂದ ನಿಲ್ಲುವ ಹಕ್ಕಿತ್ತು. ಎದುರಿಗೆ ದಲಾಲರು. ಅವಳು ಗೆದ್ದರೆ ಗೋಡೆ ಏಳುತ್ತದೆ, ಅವರು ಗೆದ್ದರೆ ಗಾಡಿ ಅಡ್ಡೆ. ಇಷ್ಟು ಸರಳ. ಮೂರು ಓಣಿಯ ಹೆಂಗಸರೆಲ್ಲ ಅವಳ ಕಡೆ, ಆದರೆ ಅವರಲ್ಲಿ ಬೆರಳೆಣಿಕೆಯ ಮಂದಿ ಬಿಟ್ಟರೆ ಯಾರಿಗೂ ಓಟೇ ಇಲ್ಲ! ಓಟಿದ್ದ ಗಂಡಸರಲ್ಲಿ ಅರ್ಧ ಮಂದಿ ದಲಾಲರ ವ್ಯಾಪಾರದವರು. ನನ್ನ ಅಣ್ಣನೂ ಅವರಲ್ಲೊಬ್ಬ. "ನಾ ಯಾರ ಕಡೆನೂ ಇಲ್ಲಪಾ," ಎಂದು ಅಂಗಡಿಯಲ್ಲಿ ಕೂತ. ಹೆಂಡತಿ ಬಿಸಿಲಲ್ಲಿ ಮನೆ ಮನೆ ತಿರುಗುತ್ತಿದ್ದಾಳೆ, ಇವನು ಯಾರ ಕಡೆಯೂ ಅಲ್ಲ. ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಯಿತು, ಆ ಮಾತಿಗೆ ಮಾತ್ರ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ.

ನಮ್ಮ ಕಡೆ ಓಟು ಕೇಳುವುದೆಂದರೆ ಗಂಡಸರ ಕೈಗೆ ಎಲೆ ಅಡಿಕೆ ಕೊಡುವುದು, ಹೆಂಗಸರಿಗೆ ಉಡಿ ತುಂಬುವುದು. ಸೆರಗು ಒಡ್ಡಿದವಳ ಮಡಿಲಿಗೆ ಅಕ್ಕಿ, ಕಾಯಿ, ರವಿಕೆಯ ಕಣ ಹಾಕಿ ಕುಂಕುಮ ಹಚ್ಚುವುದು. ಒಮ್ಮೆ ತುಂಬಿಸಿಕೊಂಡರೆ ಮುಗಿಯಿತು. ಆ ಮನೆಗೆ ಎರಡು ಬಗೆದರೆ ತುಂಬಿದವಳ ಮುತ್ತೈದೆತನಕ್ಕೆ ಕೇಡು ಎಂದು ನಂಬುಗೆ. ವೈನಿ ಇದ್ಯಾವುದನ್ನೂ ಮಾಡಲಿಲ್ಲ.

"ಎಲಿ ಅಡಿಕಿ ಕೊಟ್ಟ ತಗೊಂಡ್ರ ಅದು ಓಟಲ್ಲ, ಬೀಗತನಾ," ಎಂದಳು. ಸರಿಯಾದ ಮಾತೇ. ಸರಿಯಾದ ಮಾತು ಆಡಿ ಆಡಿಯೇ ಅವಳು ಕೆಟ್ಟಳು.

ಈಗ ನನ್ನ ಸಿಟ್ಟಿನ ಇನ್ನೊಂದು ಮಗ್ಗುಲು ಹೇಳಬೇಕು. ಪ್ರತಿ ಶ್ರಾವಣ ಶುಕ್ರವಾರ ನಮ್ಮ ಮನೆಯಲ್ಲಿ ಓಣಿಯ ಹೆಂಗಸರಿಗೆಲ್ಲ ಉಡಿ ತುಂಬುತ್ತಿದ್ದರು. ತುಂಬುವವಳು ವೈನಿ. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ವಿಧವೆಯ ಉಡಿ ಯಾರು ತುಂಬುತ್ತಾರೆ? ನಮ್ಮ ಮತದಲ್ಲಿ ಹೆಣ್ಣಿನ ಕೊರಳಲ್ಲೂ ಲಿಂಗ ಇದೆ, ಅದರ ಎದುರು ಮೈಲಿಗೆ ಇಲ್ಲ ಎಂದು ಮಠದಲ್ಲಿ ಹೇಳುತ್ತಿದ್ದರು. ಕೇಳಿ ತಲೆದೂಗಿ ಬಂದು ನನ್ನನ್ನು ಒಲೆಯ ಮುಂದೆ ಕೂರಿಸುತ್ತಿದ್ದರು. ಅಕ್ಷರ ಕಲಿಸಿದ ವೈನಿ, ಸಭೆಯಲ್ಲಿ ಗಂಡಸರನ್ನು ಎಬ್ಬಿಸಿ ನಿಲ್ಲಿಸಿದ ವೈನಿ, ಒಂದು ಶುಕ್ರವಾರವಾದರೂ ಅಡಿಗೆಮನೆಯ ಹೊಸ್ತಿಲು ದಾಟಿ ನನ್ನ ಕಡೆ ಬರಲಿಲ್ಲ. ಅವಳಿಗೆ ಹೊಳೆಯಲೇ ಇಲ್ಲವೋ, ಹೊಳೆದೂ ಅತ್ತೆಗೆ ಅಂಜಿದಳೋ ಗೊತ್ತಿಲ್ಲ. ನಾನೂ ಕೇಳಲಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡೆ.

ದಲಾಲರಿಗೆ ಹೊಳೆಯಿತು. ಹಾಳು ಮನುಷ್ಯ, ಆದರೆ ಬುದ್ಧಿ ಇತ್ತು. ಮತದಾರರ ಯಾದಿ ಮುಂದಿಟ್ಟುಕೊಂಡು ನೋಡಿದರು: ಅದರಲ್ಲಿರುವ ಹೆಂಗಸರು ಯಾರು? ಗಂಡ ಬದುಕಿರುವವಳ ಹೆಸರಿಗೆ ಮನೆ ಯಾರು ಬರೆಯುತ್ತಾರೆ? ವೈನಿಯೊಬ್ಬಳನ್ನು ಬಿಟ್ಟರೆ ಯಾದಿಯಲ್ಲಿದ್ದ ಒಂಬತ್ತು ಜನರೂ ವಿಧವೆಯರು. ಇವರು ಹೇಗೂ ನಮ್ಮವರೇ ಎಂದು ವೈನಿ ಆ ಒಂಬತ್ತು ಮನೆಗೆ ಹೋಗಿರಲೇ ಇಲ್ಲ. ಗಂಡಸರ ಹಿಂದೆ ತಿರುಗುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಾಗ ದಲಾಲರ ಹೆಂಡತಿ ಬಂದರು. ಕೈಯಲ್ಲಿ ಬೆಳ್ಳಿಯ ತಾಟು. ವೈನಿ ಮನೆಯಲ್ಲಿಲ್ಲ ಎಂದೆ.

"ನಾ ನಿಮ್ಮ ಕಡೆನ ಬಂದೇನ್ರಿ," ಎಂದರು. "ಕೊರಳಾಗ ಶಿವನ್ನ ಕಟ್ಟಿಕೊಂಡಾಕಿಗಿ ಎಂಥಾ ವಿಧವಾತನರಿ? ಸೆರಗ ಹಿಡೀರಿ."

ಸಿಟ್ಟಿನಿಂದ ಹಿಂದೆ ಸರಿಯಬೇಕಿತ್ತು. ತಾಟಿನಲ್ಲಿ ಏನಿದೆ, ಏಕಿದೆ ಎಂದು ನನಗೆ ಗೊತ್ತಿತ್ತು, ನಾನೇನು ಮಳ್ಳಿಯಲ್ಲ. ಆದರೆ ಕೈ ತಾನೇ ಸೆರಗು ಒಡ್ಡಿತು. ಐದು ಸಲ ಬೊಗಸೆ ತುಂಬಿ ಅಕ್ಕಿ ಹಾಕಿದರು. ಕಾಯಿ, ಉತ್ತತ್ತಿ, ಅರಿಸಿನದ ಕೊಂಬು, ಗುಳೇದಗುಡ್ಡದ ಹಸಿರು ಕಣ. ಆ ಭಾರ ಮಡಿಲಿಗೆ ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು. ನನ್ನನ್ನು ಅವರು ಮುಟ್ಟಿ ಮಾತಾಡಿಸಿದರು. ಹೋಗುವಾಗ ಹೆಚ್ಚೇನೂ ಹೇಳಲಿಲ್ಲ.

"ನಮ್ಮವರನ್ನ ಮರೀಬ್ಯಾಡ್ರಿ," ಎಂದರು. ನಾನು ಹೂಂ ಎಂದೆ.

ಓಟಿನ ದಿನದವರೆಗೆ ನಾನು ಸರಿಯಾಗಿ ಉಣ್ಣಲಿಲ್ಲ. ಕಣವನ್ನು ಟ್ರಂಕಿನ ತಳದಲ್ಲಿಟ್ಟು ಮೇಲೆ ಹಳೆಯ ಕೌದಿ ಮುಚ್ಚಿದೆ. ವೈನಿ ಪ್ರತಿ ಸಂಜೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಯಾವ ಮನೆ ನಮ್ಮದು, ಯಾವ ಮನೆ ಅಲ್ಲ ಎಂದು ನನಗೆ ಹೇಳುತ್ತಿದ್ದಳು. ನಮ್ಮ ಮನೆಯನ್ನು ಎಣಿಸುತ್ತಿರಲಿಲ್ಲ. ಏಕೆ ಎಣಿಸಬೇಕು?

ಸಾಲೆಯ ಕೋಣೆಯಲ್ಲಿ ಗೋಣಿತಟ್ಟಿನ ಮರೆ ಕಟ್ಟಿದ್ದರು. ನೋಡಿದರೆ ಮತ್ತೆ ಸಿಟ್ಟು: ಓಟು ಹಾಕಲು ಮರೆ ಇದೆ! ಉಳಿದ ಹೆಂಗಸರು ಓದಲು ಬಾರದೆ ಯಾರ ಹೆಸರು ಎಂದು ಗುಮಾಸ್ತನಿಗೆ ಬಾಯಿಬಿಟ್ಟು ಹೇಳಿದರು. ನಾನು ಓದಬಲ್ಲೆ, ಚೀಟಿ ಹಿಡಿದು ಒಳಗೆ ಹೋದೆ. ಮೇಲೆ ವೈನಿಯ ಹೆಸರು. ಇದ್ದಲಿಯಿಂದ ನೂರು ಸಲ ಬರೆದು ಅಳಿಸಿದ ಹೆಸರು. ಕೆಳಗೆ ಅವರದು. ನಾನು ನಿಂತುಕೊಂಡು ದಲಾಲರ ಹೆಂಡತಿಯ ಹಣೆ ನೆನೆದೆ, ಕೈ ತುಂಬ ಹಸಿರು ಬಳೆ ನೆನೆದೆ. ನನ್ನಿಂದ ಇನ್ನೊಬ್ಬಳು ನನ್ನಂತೆ ಆಗಬಾರದು ಎನ್ನಿಸಿತು. ಕೆಳಗಿನ ಹೆಸರಿಗೆ ಗುರುತು ಹಾಕಿದೆ.

ವೈನಿ ಏಳು ಓಟಿನಿಂದ ಸೋತಳು. ಒಂಬತ್ತು ವಿಧವೆಯರೂ ಉಡಿ ತುಂಬಿಸಿಕೊಂಡಿದ್ದೆವು ಎಂದು ಆಮೇಲೆ ಒಬ್ಬೊಬ್ಬರಾಗಿ ಗೊತ್ತಾಯಿತು. ಒಂಬತ್ತೂ ಕಡೆ ಅದೇ ಹಸಿರು ಕಣ.

ದಲಾಲರ ಮುಂದಿನ ಕಥೆ ಆ ಪುಸ್ತಕದಲ್ಲಿದೆ, ನಾನು ಬರೆಯಬೇಕಾಗಿಲ್ಲ. ಗೋಡೆ ಒಡೆಯಲು ಗೌಂಡಿ ಕಾಕಾನಿಗೇ ಹೇಳಿದರು. ಅವನು ಕರಣಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿಬಿಟ್ಟ. ಬೇರೆಯವರು ಬಂದು ಒಡೆದರು, ಆ ಕಲ್ಲಿನಿಂದ ಎತ್ತುಗಳಿಗೆ ನೀರಿನ ಬಾನಿ ಕಟ್ಟಿದರು. ನಾವು ರೈಲು ಹಳಿಯ ಆಚೆ ಹೋಗತೊಡಗಿದೆವು. ದಲಾಲರು ಅಧ್ಯಕ್ಷರಾದರು. ಗಾಳಿ ತಿರುಗಿದ್ದು ಕಂಡು ರುಮಾಲು ತೆಗೆದು ಬಿಳಿಯ ಟೋಪಿ ಹಾಕಿದರು, ಸ್ವಾತಂತ್ರ್ಯ ಬಂದ ದಿನ ಅದೇ ಗಾಡಿ ಅಡ್ಡೆಯಲ್ಲಿ ಧ್ವಜ ಏರಿಸಿ ಹೆಣ್ಣುಮಕ್ಕಳ ಮಾನದ ಬಗ್ಗೆ ಭಾಷಣ ಮಾಡಿದರು. ಅವರ ಹೆಂಡತಿಯ ಮುತ್ತೈದೆತನಕ್ಕೆ ಏನೂ ಆಗಲಿಲ್ಲ, ಆಗುವುದೂ ಬೇಡ. ಆದರೆ ಗೆದ್ದ ಮರುವರ್ಷದ ಶ್ರಾವಣದಲ್ಲಿ ಅವರ ಮನೆಯಿಂದ ಉಡಿಗೆ ಕರೆಯಲು ಬಂದ ಹೆಂಗಸು ಬಾಗಿಲಲ್ಲಿ ನಿಂತು ವೈನಿಯನ್ನು ಕರೆದಳು. ನನ್ನನ್ನು ಕರೆಯಲಿಲ್ಲ. ವೈನಿ ಹೋಗಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಓಟು ಎಣಿಸಿದ ಮರುದಿನದ ನಸುಕು. ಎಂದಿನಂತೆ ನಾವಿಬ್ಬರೂ ತಂಬಿಗೆ ಹಿಡಿದು ಬಯಲಿಗೆ ಹೋದೆವು. ಗೋಡೆ ಇನ್ನೂ ಇತ್ತು, ಮೊಣಕಾಲಿನಷ್ಟು. ಅದರ ಪಕ್ಕ ಕೂತ ಮೇಲೆ ನಾನು ತಡೆಯಲಾರದೆ ಹೇಳಿಬಿಟ್ಟೆ.

"ವೈನಿ, ನಾ ಅವರಿಗಿ ಹಾಕೇನಿ. ಅವರ ಹೇಣ್ತಿ ಬಂದ ಉಡಿ ತುಂಬಿದ್ಲು."

ಬಯ್ಯುತ್ತಾಳೆ ಎಂದುಕೊಂಡೆ. ತಂಬಿಗೆ ಎತ್ತಿ ತಲೆಗೆ ಹೊಡೆದಿದ್ದರೂ ನಾನು ಸುಮ್ಮನಿರುತ್ತಿದ್ದೆ. ಅವಳು ತಂಬಿಗೆಯನ್ನು ಗೋಡೆಯ ಕಲ್ಲಿನ ಮೇಲಿಟ್ಟಳು.

"ನಾವು ಇಬ್ರೂ ಈ ಮನೀಗಿ ಬಂದ ಎಷ್ಟ ವರ್ಷ ಆತು?" ಎಂದು ಕೇಳಿದಳು.

"ಹದಿನಾಲ್ಕು."

"ಹದಿನಾಲ್ಕ ಶ್ರಾವಣ," ಎಂದಳು. ಅಷ್ಟೇ. ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ.

ಬಯ್ಯಬೇಕಿತ್ತು ಅವಳು. ಬೈದಿದ್ದರೆ ನಾನೂ ಬಾಯಿಗೆ ಬಂದಂತೆ ಬೈದು ಇಷ್ಟು ವರ್ಷದ್ದೆಲ್ಲ ಅಲ್ಲೇ ಕಕ್ಕಿಬಿಡುತ್ತಿದ್ದೆ. ಅಷ್ಟರಲ್ಲಿ ಗಂಟೆಯ ಸದ್ದು ಕೇಳಿಸಿತು, ದಲಾಲರ ಮೊದಲ ಗಾಡಿ ತಿರುವಿನಲ್ಲಿ ಬಂತು. ನಾವಿಬ್ಬರೂ ಸೀರೆ ಸರಿಮಾಡಿಕೊಂಡು ಎದ್ದು ನಿಂತೆವು.